ಗೊಬ್ಬರದ ಅಂಗಡಿಯಿಂದ ಶೇರುಪೇಟೆಗೆ: ನನ್ನ ಅನುಭವ

ಗದಗ ಸೀಮೆಯವರಿಗೆ ಶೇರು ಅನ್ನೋದು ಹೊಸದಲ್ಲ. ಇಲ್ಲೇ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರ ಸಂಘ ಶುರುವಾಗಿದೆ. ಸೊಸೈಟಿಯಲ್ಲಿ ಸಾಲ ಬೇಕಂದ್ರೆ ಮೊದಲು ಶೇರು ತಗೋಬೇಕು ಅಂತ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ನಾನು ಗದಗದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತೇನೆ. ಕಂಪನಿ ಶೇರು ಅಂದರೆ ಏನು ಅಂತ ಅರ್ಥ ಮಾಡಿಕೊಂಡಿದ್ದು ಈ ಸೊಸೈಟಿ ಶೇರನ್ನು ಪಕ್ಕದಲ್ಲಿಟ್ಟು ನೋಡಿಯೇ.

ಸೊಸೈಟಿಯಲ್ಲಿ ಎಷ್ಟೇ ಶೇರಿದ್ದರೂ ಒಬ್ಬರಿಗೆ ಒಂದೇ ವೋಟು. ಬಿಟ್ಟು ಬರುವಾಗ ಹಾಕಿದಷ್ಟೇ ರೊಕ್ಕ ವಾಪಸ್. ಕಂಪನಿಯಲ್ಲಿ ಶೇರಿಗೊಂದು ವೋಟು. ನಿಮಗೆ ಬೇಡವಾದಾಗ ಕಂಪನಿ ರೊಕ್ಕ ವಾಪಸ್ ಕೊಡೋದಿಲ್ಲ. ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಬೇಕು, ಆ ದಿನ ಅವರು ಕೊಡುವ ರೇಟೇ ರೇಟು. ಹೊಸಬರು ಮುಖಬೆಲೆ (ಕಂಪನಿ ಶೇರಿಗೆ ನಮೂದಿಸಿದ ಬೆಲೆ, ಪೇಟೆಯ ರೇಟಲ್ಲ) ನೋಡಿ ಮೋಸ ಹೋಗಬಾರದು. ‘200% ಡಿವಿಡೆಂಡ್’ (ಲಾಭದಲ್ಲಿ ಶೇರುದಾರರಿಗೆ ಹಂಚುವ ಪಾಲು) ಅಂತ ಪೇಪರಿನಲ್ಲಿ ಬಂದರೆ ಅದು ಮುಖಬೆಲೆಯ ಮೇಲಿನ ಲೆಕ್ಕ. 10 ರೂಪಾಯಿ ಮುಖಬೆಲೆಯ ಶೇರಿಗೆ ಸಿಗೋದು 20 ರೂಪಾಯಿ. ನೀವು ಆ ಶೇರನ್ನು 2,000ಕ್ಕೆ ಕೊಂಡಿದ್ದರೆ ನಿಮಗೆ ಬಿದ್ದಿದ್ದು ನೂರಕ್ಕೆ ಒಂದು ರೂಪಾಯಿ ಅಷ್ಟೇ, ಅಲ್ವಾ?

ಅಂಗಡಿಗೆ ಬರುವ ಹುಡುಗರು ಆಗಾಗ ಕೇಳುತ್ತಾರೆ: “ಅಣ್ಣಾರ, ಯಾವ್ದೋ ಕಂಪನಿ ಬ್ಯಾಂಕಿಗಿಂತ ಜಾಸ್ತಿ ಬಡ್ಡಿ ಕೊಡತೈತಂತ, ಹಾಕಲೇನ್ರಿ?” ನಾನು ಕೇಳೋದು ಒಂದೇ: “ತಮ್ಮಾ, ಮಾಲಕ ಆಗಾಕ ಹೊಂಟೀಯೋ, ಸಾಲ ಕೊಡಾಕ ಹೊಂಟೀಯೋ?” ಶೇರು ಕೊಂಡರೆ ಮಾಲಕ. ಡಿಬೆಂಚರ್ ಅಥವಾ ಬಾಂಡ್ ಕೊಂಡರೆ ಕಂಪನಿಗೆ ಸಾಲ ಕೊಟ್ಟ ಹಾಗೆ. ಸಾಲ ಕೊಟ್ಟವನಿಗೆ ಬಡ್ಡಿ ಗೊತ್ತುಪಡಿಸಿರುತ್ತದೆ, ಅಸಲು ಬರುವ ತಾರೀಖೂ ಇರುತ್ತದೆ. ಕಂಪನಿ ಎಷ್ಟೇ ಲಾಭ ಮಾಡಿದರೂ ಅದರಲ್ಲಿ ಅವನಿಗೆ ಪಾಲಿಲ್ಲ. ಕಂಪನಿ ಮುಳುಗಿದಾಗ ಮಾತ್ರ ಸರದಿಯಲ್ಲಿ ಅವನು ಮುಂದೆ, ಶೇರುದಾರ ಎಲ್ಲರಿಗಿಂತ ಹಿಂದೆ. 2021ರಲ್ಲಿ ಮನೆಸಾಲದ ಕಂಪನಿ ಡಿಎಚ್‌ಎಫ್‌ಎಲ್ ಬೇರೆಯವರ ಕೈಗೆ ಹೋದಾಗ ಸಾಲ ಕೊಟ್ಟವರಿಗೆ ಒಂದಿಷ್ಟು ಪಾಲು ಬಂತು, ಶೇರುದಾರರಿಗೆ ಏನೂ ಬರಲಿಲ್ಲ. ಡಿಬೆಂಚರಿಗೆ ಆಸ್ತಿಯ ಆಧಾರ ಇದೆಯೋ ಇಲ್ಲವೋ ಅನ್ನೋದನ್ನು ಅರ್ಜಿಯ ಜೊತೆಗಿನ ಪ್ರಾಸ್ಪೆಕ್ಟಸ್‌ನಲ್ಲೇ ಬರೆದಿರುತ್ತಾರೆ. ಕಂಪನಿಯ ಸಾಲ ತೀರಿಸುವ ಶಕ್ತಿಗೆ ಏಜೆನ್ಸಿಗಳು ಕೊಡುವ ರೇಟಿಂಗೂ ಅಲ್ಲೇ ಇರುತ್ತದೆ. ರೇಟಿಂಗ್ ನೋಡಿಯೇ ನೋಡುತ್ತೇನೆ, ಆದರೆ ಅದೊಂದನ್ನೇ ನಂಬೋದಿಲ್ಲ. 2018ರಲ್ಲಿ ದೊಡ್ಡ ಹಣಕಾಸು ಕಂಪನಿ ಐಎಲ್‌ಎಫ್‌ಎಸ್ ಸಾಲ ತೀರಿಸದೆ ಕೂತಾಗ, ಕೆಲವೇ ತಿಂಗಳ ಹಿಂದಿನವರೆಗೆ ಅದಕ್ಕೆ ಎಲ್ಲಕ್ಕಿಂತ ಮೇಲಿನ ರೇಟಿಂಗೇ ಇತ್ತು. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಕಂಪನಿಯ ಡಿಬೆಂಚರಿಗೆ ಅದಿಲ್ಲ.

ಶೇರು ಕೊಳ್ಳಲು ಖಾತೆ ತೆರೆಯೋದು ದೊಡ್ಡ ಕೆಲಸವಲ್ಲ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸಾಕು. ಶೇರು ಕೊಡಿಸುವ ಬ್ರೋಕರ್ ಶೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತನೋ ಅಂತ ಸೆಬಿಯ ವೆಬ್‌ಸೈಟಿನಲ್ಲೇ ಹುಡುಕಿ ನೋಡಿ. ಶೇರುಗಳು ಬ್ರೋಕರ್ ಹತ್ತಿರ ಇರೋದಿಲ್ಲ. ಶೇರುಗಳನ್ನು ಕಂಪ್ಯೂಟರ್ ಲೆಕ್ಕದಲ್ಲಿ ಇಟ್ಟುಕೊಳ್ಳುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಲ್ಲಿ ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿರುತ್ತವೆ. ಇವತ್ತು ಕೊಂಡರೆ ಪೇಟೆ ತೆರೆದಿರುವ ಮರುದಿನ ಖಾತೆಗೆ ಬರುತ್ತವೆ. ಅಲ್ಲಿಂದ ನೇರವಾಗಿ ಇಮೇಲಿಗೆ ಬರುವ ಸ್ಟೇಟ್‌ಮೆಂಟನ್ನು ಬ್ರೋಕರ್ ಆ್ಯಪಿನ ಜೊತೆ ತಾಳೆ ಹಾಕಿ ನೋಡೋದು ನನ್ನ ರೂಢಿ.

ಯಾವ ಶೇರು ಕೊಳ್ಳಬೇಕು? ನಾನು ಶುರು ಮಾಡಿದ್ದು ನನಗೆ ಗೊತ್ತಿದ್ದ ಧಂದೆಯಿಂದ. ಮುಂಗಾರು ಬಂದು ಹೆಸರು ಬಿತ್ತನೆ ಶುರುವಾದರೆ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರೋದಿಲ್ಲ. 45 ಕೆಜಿ ಯೂರಿಯಾ ಚೀಲವನ್ನು ರೈತರಿಗೆ 266 ರೂಪಾಯಿ ಚಿಲ್ಲರೆಗೆ ಕೊಡುತ್ತೇವೆ. ತಯಾರಿಕೆಯ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ. ಉಳಿದಿದ್ದನ್ನು ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ಕಂಪನಿಗೆ ಕೊಡುತ್ತದೆ. 2018ರಿಂದ ದೇಶದಲ್ಲೆಲ್ಲ ಒಂದೇ ಕ್ರಮ: ರೈತ ನಮ್ಮ ಪಿಒಎಸ್ ಯಂತ್ರದ ಮೇಲೆ ಹೆಬ್ಬೆರಳು ಇಟ್ಟು ಚೀಲ ಒಯ್ದಾಗಲೇ ಕಂಪನಿಗೆ ಆ ಚೀಲದ ಸಬ್ಸಿಡಿ ಕೇಳುವ ಹಕ್ಕು ಬರುತ್ತದೆ. ಅಂದರೆ ಗೋದಾಮಿನಲ್ಲಿ ಕೂತ ಮಾಲಿಗೆ ಸಬ್ಸಿಡಿ ಇಲ್ಲ. ಮಳೆ ಕೈಕೊಟ್ಟರೆ ನಮ್ಮ ಅಂಗಡಿಯಷ್ಟೇ ಕಂಪನಿಯ ರೊಕ್ಕವೂ ನಿಂತುಬಿಡುತ್ತದೆ.

ಇದು ಗೊತ್ತಿದ್ದರಿಂದ ಗೊಬ್ಬರ ಕಂಪನಿಯ ವಾರ್ಷಿಕ ವರದಿ ಕೈಗೆ ತಗೊಂಡಾಗ ನಾನು ಮೊದಲು ಹುಡುಕಿದ್ದು ಲಾಭವನ್ನಲ್ಲ, ಉದ್ರಿಯನ್ನು. ಬ್ಯಾಲೆನ್ಸ್ ಶೀಟಿನ ‘ಟ್ರೇಡ್ ರಿಸೀವಬಲ್ಸ್’ ಸಾಲಿನಲ್ಲಿ ಡೀಲರುಗಳ ಬಾಕಿ ಸಿಗುತ್ತದೆ. ಸರ್ಕಾರದ ಸಬ್ಸಿಡಿ ಬಾಕಿ ಎಲ್ಲಿದೆ ಅಂತ ಟಿಪ್ಪಣಿಗಳಲ್ಲಿ ನೋಡಬೇಕು. ಮಾರಾಟ ಸ್ವಲ್ಪವೇ ಏರಿ ಉದ್ರಿ ಮಾತ್ರ ಭರ್ಜರಿ ಏರಿದ್ದರೆ ನಾನು ಅಲ್ಲಿಗೇ ನಿಲ್ಲುತ್ತೇನೆ. ಉದ್ರಿ ಕೊಟ್ಟು ವಹಿಯಲ್ಲಿ ಲಾಭ ಬರೆದುಕೊಳ್ಳೋದು ಸುಲಭ. ಸುಗ್ಗಿಯಾದ ಮೇಲೆ ರೊಕ್ಕ ಬರಬೇಕಲ್ಲ! ಅದಕ್ಕೇ ಕ್ಯಾಶ್ ಫ್ಲೋ (ನಗದು ಬಂದು ಹೋದ ಲೆಕ್ಕ) ಪುಟ ಇದೆ. ನಾಲ್ಕೈದು ವರ್ಷ ಲಾಭ ತೋರಿಸಿದ ಕಂಪನಿಗೆ ಧಂದೆಯಿಂದ ಅಷ್ಟೇ ನಗದು ಬಂದಿದೆಯೋ ಅಂತ ನೋಡಿ. ಬಾರದಿದ್ದರೆ ಕಾರಣ ಸಿಗುವವರೆಗೆ ಒಂದು ಶೇರೂ ಕೊಳ್ಳಬೇಡಿ. ಈ ಎರಡು ಪುಟ ಓದೋಕೆ ಕಾಮರ್ಸ್ ಕಲಿತಿರಬೇಕಂತಿಲ್ಲ. ಅಂಗಡಿ ನಡೆಸಿದವರಿಗೆ, ಅಡತಿ ವ್ಯಾಪಾರ ಮಾಡಿದವರಿಗೆ ಇದು ದಿನದ ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಮಸಾಲೆ ಕಂಪನಿಯ ವರದಿಯಲ್ಲಿ ಕಾಣೋದು ಮುಂಬೈಯ ಸಲಹೆಗಾರನಿಗೆ ಕಾಣದೇ ಇರಬಹುದು.

ಓದೋಕೆ ಪುರುಸೊತ್ತೇ ಇಲ್ಲ ಅನ್ನುವವರಿಗೆ ನಿಫ್ಟಿ ಇಂಡೆಕ್ಸ್ ಫಂಡ್ (ನಿಫ್ಟಿ ಪಟ್ಟಿಯ ಶೇರುಗಳನ್ನೇ ಕೊಳ್ಳುವ ಮ್ಯೂಚುವಲ್ ಫಂಡ್) ವಾಸಿ. 50 ದೊಡ್ಡ ಕಂಪನಿಗಳಲ್ಲಿ ನಿಮ್ಮ ರೊಕ್ಕ ಹಂಚಿಹೋಗುತ್ತದೆ, ಖರ್ಚೂ ಕಮ್ಮಿ. ವಾಟ್ಸ್‌ಆ್ಯಪ್ ಗುಂಪಿನ ಟಿಪ್ಸ್ ನಂಬಿ ಸಾಲದ ರೊಕ್ಕ ಹಾಕೋದು ಮಾತ್ರ ಯಾರೂ ಮಾಡಬೇಡಿ. ಬೀಜಕ್ಕೆ, ಮಗಳ ಫೀಗೆ ಇಟ್ಟ ರೊಕ್ಕವೂ ಬೇಡ.

ತೆರಿಗೆಯ ಮಾತು ಚಿಕ್ಕದಾಗಿ ಹೇಳುತ್ತೇನೆ. 2024ರ ಜುಲೈ 23ರಿಂದ ವರ್ಷದೊಳಗೆ ಮಾರಿದ ಶೇರಿನ ಲಾಭಕ್ಕೆ 20%. ವರ್ಷ ದಾಟಿದ್ದರೆ 12.5%, ಅದೂ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಮಾತ್ರ.

ಖಾತೆ ತೆರೆದ ದಿನವೇ ನಾಮಿನಿ ಹೆಸರು ಹಾಕಿಸಿ. ನಾನು ಮನೆಯವರ ಹೆಸರು ಹಾಕಿಸಿದ್ದೇನೆ, ಖಾತೆ ನಂಬರನ್ನು ಹೊಲದ ಉತಾರದ ಜೊತೆ ಬರೆದಿಟ್ಟಿದ್ದೇನೆ. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್ ಸರ್ಕಾರದ ಐಇಪಿಎಫ್ ನಿಧಿಗೆ ಹೋಗುತ್ತದೆ. ಏಳು ವರ್ಷ ಒಂದೇ ಸಮ ಹಾಗೇ ಬಿಟ್ಟರೆ ಶೇರುಗಳೂ ಅಲ್ಲಿಗೇ. ವಾರಸುದಾರರು ಅರ್ಜಿ ಹಾಕಿ ವಾಪಸ್ ತಗೋಬಹುದು, ಆದರೆ ಅದಕ್ಕೆ ಕಾಗದಪತ್ರ ಬಹಳ ಕೂಡಿಸಬೇಕಾಗುತ್ತದೆ.