ತೂತಾದ ಶೋಜಿಗೆ ಹೊಸ ಕಾಗದ

ನಮ್ಮ ಮನೆಯ ಶೋಜಿಯಲ್ಲಿ ಮೊದಲ ತೂತು ಬಿದ್ದದ್ದು ಮಗನ ತೋರುಬೆರಳಿನಿಂದ. ಎರಡನೆಯದೂ ಅದೇ ಬೆರಳಿನಿಂದ. ಹನ್ನೊಂದಾದ ಮೇಲೆ ಎಣಿಸುವುದನ್ನೇ ಬಿಟ್ಟೆ.

ಟೋಕಿಯೋದ ಎದೊಗಾವಾದಲ್ಲಿ ನಮ್ಮದು ಬಾಡಿಗೆ ಮನೆ. ಅಲ್ಲಿನ ನಿಶಿ-ಕಸಾಯ್ ಕಡೆ ಭಾರತದವರು ಜಾಸ್ತಿ, ಕನ್ನಡದವರೂ ಸಿಗುತ್ತಾರೆ. ಹಳೆಯ ಕಟ್ಟಡ ಹಿಡಿದರೆ ಒಂದು ತಾತಾಮಿ ಕೋಣೆಯೂ ಸಿಗುತ್ತದೆ. ಅಂದರೆ ನೆಲಕ್ಕೆ ಚಾಪೆ ಹಾಸಿದ ಕೋಣೆ. ಅದರ ಕಿಟಕಿಗೋ ಬಾಗಿಲಿಗೋ ಶೋಜಿ ಇರುತ್ತದೆ. ಮರದ ಚೌಕಟ್ಟು, ಅದರೊಳಗೆ ತೆಳ್ಳನೆಯ ಪಟ್ಟಿಗಳ ಜಾಲರಿ, ಹಿಂಬದಿಗೆ ಬಿಳಿ ಕಾಗದ. ಬೆಳಕು ಒಳಗೆ ಬರುತ್ತದೆ, ಕಣ್ಣು ಕುಕ್ಕುವುದಿಲ್ಲ. ಮಾತು ಮಾತ್ರ ಪೂರಾ ಆಚೆ ಹೋಗುತ್ತದೆ. ಗೋಡೆಗೂ ಕಿವಿ ಇದೆ ಅಂತ ನಾವು ಹೇಳುತ್ತೇವಲ್ವಾ, ಜಪಾನಿನವರ ಗಾದೆ ಇನ್ನೂ ಒಂದು ಹೆಜ್ಜೆ ಮುಂದೆ: ಗೋಡೆಗೆ ಕಿವಿ, ಶೋಜಿಗೆ ಕಣ್ಣು. ನಮ್ಮನೆಯದಕ್ಕೆ ಹನ್ನೊಂದಕ್ಕಿಂತ ಜಾಸ್ತಿ ಕಣ್ಣು.

ಇಲ್ಲಿ ಡಿಸೆಂಬರ್ ಕೊನೆಗೆ ವರ್ಷದ ದೊಡ್ಡ ಕ್ಲೀನಿಂಗ್ ನಡೆಯುತ್ತದೆ. ನಮ್ಮಲ್ಲಿ ಯುಗಾದಿಗೆ ಮೊದಲು ಮನೆ ತೊಳೆಯುವ ಹಾಗೆ. ಶೋಜಿಗೆ ಹೊಸ ಕಾಗದ ಹಾಕುವುದೂ ಆಗಲೇ. ತೆಗೆಯುವ ದಿನ ಹಳೆ ಕಾಗದವನ್ನು ಮನಸ್ಸಿಗೆ ಬಂದ ಹಾಗೆ ಚುಚ್ಚಿ ಹರಿಯಲು ಮಕ್ಕಳಿಗೆ ಬಿಡುವ ಮನೆಗಳಿವೆ. "ಅಮ್ಮಾ, ನಿಜವಾಗ್ಲೂ ತೂತು ಮಾಡ್ಲಾ?" ಅಂತ ಮಗ ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಚುಚ್ಚಲು ಬಿಡಿ, ಪರವಾಗಿಲ್ಲ. ಆದರೆ ಇಡೀ ಕಾಗದ ಚಿಂದಿಯಾಗಲು ಬಿಡಬೇಡಿ. ಕಾರಣ ಮುಂದೆ ಗೊತ್ತಾಗುತ್ತದೆ.

ಮೊದಲು ಒಂದು ಬಾಡಿಗೆ ಲೆಕ್ಕ

ಬಾಡಿಗೆ ಮನೆಯಾದರೆ ಮಾಲೀಕರಿಗೋ ಏಜೆಂಟರಿಗೋ ಒಂದು ಮಾತು ಹೇಳಿ. ಮನೆ ಬಿಡುವಾಗಿನ ರಿಪೇರಿ ಖರ್ಚಿನ ಬಗ್ಗೆ ಜಪಾನಿನ ಭೂ ಮತ್ತು ಸಾರಿಗೆ ಸಚಿವಾಲಯದ ಮಾರ್ಗಸೂಚಿ ಇದೆ. ಅದರಲ್ಲಿ ಶೋಜಿ ಕಾಗದ ಬಳಸಿ ಮುಗಿಯುವ ವಸ್ತುಗಳ ಸಾಲಿಗೆ ಸೇರುತ್ತದೆ. ಗೋಡೆ ಕಾಗದಕ್ಕಾದರೆ ಇಷ್ಟು ವರ್ಷ ಹಳೆಯದು ಅಂತ ಕಳೆದು ಲೆಕ್ಕ ಹಾಕುತ್ತಾರೆ. ಶೋಜಿಗೆ ಆ ರಿಯಾಯಿತಿ ಇಲ್ಲ. ಹರಿದವರೇ ಕೊಡಬೇಕು. ನಾನು ಸುತ್ತಿಗೆ, ಕಟರ್ ಏನೂ ಮುಟ್ಟದವಳು. ಈ ಕೆಲಸಕ್ಕೆ ಇಳಿದದ್ದೇ ಈ ಲೆಕ್ಕದಿಂದ.

ಏನೇನು ಬೇಕು

ಬೇಕಾದದ್ದೆಲ್ಲ ನೂರು ಯೆನ್ ಅಂಗಡಿಯಲ್ಲಿ ಸಿಗುತ್ತದೆ. ತೆರಿಗೆ ಸೇರಿ 110 ಯೆನ್. ಕೆಲವಕ್ಕೆ ಅದರ ಎರಡರಷ್ಟೋ ಮೂರರಷ್ಟೋ ಇರಬಹುದು. ಶೋಜಿ ಕಾಗದ, ಶೋಜಿ ಅಂಟು, ಸ್ಪಂಜು, ಮಾಸ್ಕಿಂಗ್ ಟೇಪು, ಕಟರ್, ಒಂದು ಸ್ಪ್ರೇ ಬಾಟಲಿ. ಹಳೆಯ ಹಲ್ಲುಜ್ಜುವ ಬ್ರಷ್ ಮನೆಯಲ್ಲೇ ಇರುತ್ತದೆ. ಸ್ಕೇಲು ಮಾತ್ರ ಸ್ಟೀಲಿನದೇ ಇರಲಿ. ಪ್ಲಾಸ್ಟಿಕ್ಕಿನದಾದರೆ ಕಟರ್ ಅದರ ಅಂಚನ್ನೂ ಕೆತ್ತಿಕೊಂಡು ಹೋಗುತ್ತದೆ.

ಕಾಗದ ಕೊಳ್ಳುವ ಮೊದಲು ಅಳತೆ ತೆಗೆದುಕೊಳ್ಳಿ. ಇಡೀ ಬಾಗಿಲಿಗೆ ಒಂದೇ ಹಾಳೆ ಹಾಕುವ ಸುರುಳಿ ಸಾಮಾನ್ಯವಾಗಿ 94 ಸೆಂಟಿಮೀಟರ್ ಅಗಲ. ಉದ್ದ 3.6 ಮೀಟರ್ ಅಥವಾ 7.2 ಮೀಟರ್. ಮೊದಲನೆಯದು ಎರಡು ಬಾಗಿಲಿಗೆ, ಎರಡನೆಯದು ನಾಲ್ಕಕ್ಕೆ ಬರುತ್ತದೆ. ಹಳೆಯ ಪದ್ಧತಿಯ ಸುರುಳಿ ಬೇರೆ. ಅದು 25 ಅಥವಾ 28 ಸೆಂಟಿಮೀಟರ್ ಅಗಲದ ಪಟ್ಟಿ. ಅದನ್ನು ಕೆಳಗಿನಿಂದ ಶುರು ಮಾಡಿ ಸಾಲು ಸಾಲಾಗಿ ಮೇಲಕ್ಕೆ ಅಂಟಿಸುತ್ತಾರೆ. ಮೇಲಿನ ಪಟ್ಟಿ ಕೆಳಗಿನದರ ಮೇಲೆ ಸ್ವಲ್ಪ ಕೂರುತ್ತದೆ, ನಮ್ಮ ಹೆಂಚಿನ ಮಾಡಿನ ಹಾಗೆ. ಸೇರಿದ ಜಾಗದಲ್ಲಿ ದೂಳು ಕೂರುವುದಿಲ್ಲ. ನೋಡಲು ಚೆಂದ. ಆದರೆ ಹೊಸಬರಿಗೆ ಒಂದೇ ಹಾಳೆಯೇ ಸುಲಭ.

ಕಾಗದದಲ್ಲೂ ಬಗೆಬಗೆ ಇದೆ. ಅಗ್ಗದ್ದು ಮರದ ತಿರುಳಿನದು. ರೇಯಾನ್ ಬೆರೆತದ್ದು ಅದಕ್ಕಿಂತ ಗಟ್ಟಿ. ಪ್ಲಾಸ್ಟಿಕ್ ಪದರ ಹಾಕಿದ್ದು ಬೆಕ್ಕು ಪರಚಿದರೂ ಹರಿಯುವುದಿಲ್ಲ, ಆದರೆ ಮುಂದೆ ಹೇಳುವ ನೀರಿನ ಉಪಾಯ ಅದರ ಹತ್ತಿರ ನಡೆಯುವುದಿಲ್ಲ. ಇವೆಲ್ಲದರ ಮೇಲೆ ಕೊಜೊ ಎಂಬ ಗಿಡದ ನಾರಿನಿಂದ ಕೈಯಲ್ಲಿ ಮಾಡಿದ ಕಾಗದ. ಅದು ಹಿಪ್ಪುನೇರಳೆಯ ಬಳಗದ್ದೇ ಗಿಡ. ರೇಷ್ಮೆ ಹುಳ ಸಾಕಿದ ನಮ್ಮ ರಾಮನಗರದ ಕಡೆಯವರಿಗೆ ಆ ಬಳಗದ ಪರಿಚಯ ಚೆನ್ನಾಗಿಯೇ ಇರುತ್ತದೆ. ಗಿಫು ಪ್ರಾಂತ್ಯದ ಮಿನೊ ಊರಿನ ಇಂಥ ಕಾಗದವೂ ಸೇರಿ ಜಪಾನಿನ ಮೂರು ಕಡೆಯ ಕಾಗದದ ಕೈಕಸುಬು 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಐದು ವರ್ಷದ ಮಗ ಇರುವ ಮನೆಗೆ ಅದು ಬೇಡ.

ಅಂಟಿನ ವಿಷಯ

ಇಲ್ಲಿ ಸ್ವಲ್ಪ ನಿಲ್ಲೋಣ. ಮೊದಲ ಸಲ ನಾನು ಎಡವಿದ್ದು ಇಲ್ಲೇ. ಒಂದು ಮೂಲೆಯಲ್ಲಿ ಕಾಗದ ಬಿಟ್ಟುಕೊಂಡಿತ್ತು. ಗಟ್ಟಿಯಾಗಿ ಕೂರಲಿ ಅಂತ ಬಡಗಿಗಳು ಬಳಸುವ ಬಿಳಿ ಅಂಟು ಹಚ್ಚಿದೆ. ಕೂತಿತು, ಚೆನ್ನಾಗಿಯೇ ಕೂತಿತು. ಈ ಸಲ ಕಾಗದ ತೆಗೆಯುವಾಗ ಉಳಿದ ಬಾಗಿಲೆಲ್ಲ ಹತ್ತು ನಿಮಿಷದಲ್ಲಿ ಬಿಟ್ಟುಕೊಂಡರೆ ಆ ಒಂದು ಮೂಲೆಯನ್ನು ಮುಕ್ಕಾಲು ಗಂಟೆ ಕೆರೆದೆ. ಪಟ್ಟಿಯ ಮರವೂ ಸ್ವಲ್ಪ ಕಿತ್ತು ಬಂತು.

ಶೋಜಿ ಅಂಟು ಬರೀ ಗಂಜಿ. ಪಿಷ್ಟವನ್ನು ನೀರಲ್ಲಿ ಬೇಯಿಸಿದ್ದು. ಗೋಡೆಗೆ ಸಿನಿಮಾ ಪೋಸ್ಟರ್ ಹಚ್ಚುವ ಮೈದಾ ಅಂಟು, ಗಾಳಿಪಟಕ್ಕೆ ನಾವು ತಿಕ್ಕುತ್ತಿದ್ದ ಅನ್ನದ ಅಗುಳು, ಎಲ್ಲ ಒಂದೇ ಜಾತಿ. ಒಣಗಿದರೆ ಹಿಡಿಯುತ್ತದೆ, ನೆನೆದರೆ ಬಿಡುತ್ತದೆ. ಮುಂದೊಂದು ದಿನ ಬಿಚ್ಚಿ ಬರಲಿ ಅಂತಲೇ ಈ ಕಾಗದವನ್ನು ಅಂಟಿಸುವುದು. ಮರ ಹಳೆಯದೇ ಉಳಿಯಬೇಕು, ಕಾಗದ ಮಾತ್ರ ಬದಲಾಗಬೇಕು. ಹಾಗಾಗಿ ಇದಕ್ಕಿಂತ ಬಲವಾದ ಅಂಟು ಯಾವುದೂ ಬೇಡ. ತುದಿಯಲ್ಲಿ ಮೂತಿ ಇರುವ ಬಾಟಲಿಯ ಗಂಜಿ ಅಂಟು ತಂದರೆ ಬ್ರಷ್ಷೂ ಬೇಕಾಗಿಲ್ಲ.

ನಿಮ್ಮ ಮನೆಯಲ್ಲಿ ಈಗ ಯಾವ ಅಂಟು ಇದೆ ಅಂತ ತಿಳಿಯಲು ಮೂಲೆಯಲ್ಲಿ ಒದ್ದೆ ಬೆರಳು ಇಟ್ಟು ಎರಡು ನಿಮಿಷ ಕಾಯಿರಿ. ಲೋಳೆಯಾದರೆ ಗಂಜಿ. ಏನೂ ಆಗದಿದ್ದರೆ ಅಂಟುಟೇಪು ಇರಬಹುದು, ಇಲ್ಲವೇ ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಿದ ಕಾಗದ. ಇಸ್ತ್ರಿ ಕಾಗದವನ್ನು ಮತ್ತೆ ಇಸ್ತ್ರಿ ಪೆಟ್ಟಿಗೆಯಿಂದಲೇ ಬಿಸಿ ಮಾಡಿ, ಬಿಸಿಯಿರುವಾಗಲೇ ಮೆಲ್ಲಗೆ ಎಳೆಯಬೇಕು.

ಬಾಗಿಲು ಇಳಿಸಿ, ಕಾಗದ ಬಿಡಿಸಿ

ಶೋಜಿಗೆ ಕೀಲಿಲ್ಲ, ಮೊಳೆಯಿಲ್ಲ. ಮೇಲೆ ಕೆಳಗೆ ಮರದಲ್ಲಿ ಕೊರೆದ ಜಾಡಿನಲ್ಲಿ ಸರಿಯುತ್ತದೆ. ಮೇಲಿನ ಜಾಡು ಆಳ, ಕೆಳಗಿನದು ಬರೀ ಒಂದು ಗೀರು. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎತ್ತಿ, ಬುಡವನ್ನು ನಿಮ್ಮ ಕಡೆಗೆ ತನ್ನಿ. ಬಂದುಬಿಡುತ್ತದೆ. ಇಳಿಸುವ ಮೊದಲು ಯಾವುದು ಎಡ, ಯಾವುದು ಬಲ, ಮೇಲ್ತುದಿ ಯಾವುದು ಅಂತ ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಚೌಕಟ್ಟಿಗೆ ಅಂಟಿಸಿ. ಹಳೆ ಮನೆಯಲ್ಲಿ ಜಾಡು ಸ್ವಲ್ಪ ಬಾಗಿರುತ್ತದೆ, ಬಾಗಿಲೂ ಅದರ ಜತೆ ಸವೆದಿರುತ್ತದೆ. ಅದಲುಬದಲಾದರೆ ಸರಿಯುವುದಿಲ್ಲ.

ನೀರಿನ ಕೆಲಸ ತಾತಾಮಿಯ ಮೇಲೆ ಖಂಡಿತ ಬೇಡ, ಬೂಸ್ಟು ಹಿಡಿಯುತ್ತದೆ. ನಾನು ಬಚ್ಚಲಲ್ಲಿ ಮಾಡಿದೆ. ಬಾಲ್ಕನಿಯೂ ಆಗುತ್ತದೆ. ಕಾಗದದ ಬದಿ ನಿಮ್ಮ ಕಡೆ ಇರಲಿ. ಸ್ಪಂಜನ್ನು ನೀರಲ್ಲಿ ಅದ್ದಿ, ಪಟ್ಟಿಗಳಿರುವ ಗೆರೆಯುದ್ದಕ್ಕೂ ಕಾಗದದ ಮೇಲೆ ಒತ್ತುತ್ತ ಹೋಗಿ. ನಡುವಿನ ಖಾಲಿ ಚೌಕಗಳಿಗೆ ನೀರು ಬೇಕಾಗಿಲ್ಲ. ಒಂದು ಸುತ್ತು ಮುಗಿಸಿ ಐದು ಹತ್ತು ನಿಮಿಷ ಬಿಟ್ಟುಬಿಡಿ. ಈ ಹತ್ತು ನಿಮಿಷ ಕಾಯದವರೇ ಆಮೇಲೆ ಒಂದು ಗಂಟೆ ಕೆರೆಯುವುದು.

ಆಮೇಲೆ ಒಂದು ತುದಿಯಿಂದ ಕಾಗದವನ್ನು ಚಾಪೆ ಸುತ್ತುವ ಹಾಗೆ ಸುತ್ತುತ್ತ ಬನ್ನಿ. ಸರಿಯಾಗಿ ನೆನೆದಿದ್ದರೆ ಇಡೀ ಹಾಳೆ ಒಂದೇ ಸುರುಳಿಯಾಗಿ ಬರುತ್ತದೆ. ಚಿಂದಿ ಮಾಡಬೇಡಿ ಅಂದದ್ದು ಇದಕ್ಕೇ. ಚೂರುಗಳನ್ನು ಒಂದೊಂದೇ ಬಿಡಿಸುತ್ತ ಕೂರುವುದು ಬೇಸರದ ಕೆಲಸ. ಎಲ್ಲಾದರೂ ತಡೆದರೆ ಎಳೆಯಬೇಡಿ, ಇನ್ನೊಂದಿಷ್ಟು ನೀರು ಒತ್ತಿ. ಪಟ್ಟಿಗಳು ಬೆರಳಿಗಿಂತ ಸಣ್ಣ, ಜೋರು ಮಾಡಿದರೆ ಲಟಕ್ ಅನ್ನುತ್ತವೆ.

ಉಳಿದ ಲೋಳೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಹಿಂಡಿದ ಬಟ್ಟೆಯಿಂದ ಒರೆಸಿ. ಗಂಜಿ ಉಳಿದರೆ ಹೊಸ ಕಾಗದದ ಮೇಲೆ ಗಂಟುಗಂಟಾಗಿ ಕಾಣುತ್ತದೆ. ಹಾಗಂತ ಮರವನ್ನು ನೀರಲ್ಲಿ ಮುಳುಗಿಸಬೇಡಿ, ಕಂದು ಕಲೆ ಏಳುತ್ತದೆ, ಚೌಕಟ್ಟು ಸೊಟ್ಟಗಾಗುತ್ತದೆ. ಆಮೇಲೆ ನೆರಳಲ್ಲಿ ನಿಲ್ಲಿಸಿ ಪೂರಾ ಒಣಗಿಸಿ. ಅರ್ಧ ದಿನವಾದರೂ ಬೇಕು, ನಾನು ರಾತ್ರಿಯಿಡೀ ಬಿಟ್ಟೆ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಒಂದೇ ಬದಿ ಒಣಗಿ ಮರ ಬಾಗುತ್ತದೆ. ಯಾವುದಾದರೂ ಪಟ್ಟಿ ಮುರಿದಿದ್ದರೆ ಅದಕ್ಕೆ ಮಾತ್ರ ಬಡಗಿಯ ಬಿಳಿ ಅಂಟು ಹಚ್ಚಿ, ಟೇಪು ಸುತ್ತಿ ಬಿಡಿ. ಅದರ ಸರಿಯಾದ ಜಾಗ ಅದು.

ಅಂಟಿಸುವುದು

ಒಣಗಿದ ಬಾಗಿಲನ್ನು ಕಾಗದದ ಬದಿ ಮೇಲೆ ಮಾಡಿ ನೆಲದ ಮೇಲೆ ಮಲಗಿಸಿ. ಅಂಟು ಮುಟ್ಟುವ ಮೊದಲು ಒಂದು ಒಣ ತಾಲೀಮು ನಡೆಯಲಿ. ಸುರುಳಿಯನ್ನು ಮೇಲ್ತುದಿಗೆ ಇಟ್ಟು, ಎರಡು ಮೂರು ಕಡೆ ಮಾಸ್ಕಿಂಗ್ ಟೇಪಿನಿಂದ ಹಿಡಿಸಿ, ಕೆಳತುದಿಯವರೆಗೂ ಬಿಚ್ಚಿ ನೋಡಿ. ಮೇಲೆ ಒಂದು ಬೆರಳಷ್ಟು ವಾರೆಯಿದ್ದರೆ ಕೆಳಗೆ ಹೋಗುವಷ್ಟರಲ್ಲಿ ಕಾಗದ ಚೌಕಟ್ಟನ್ನೇ ಬಿಟ್ಟು ಹೋಗಿರುತ್ತದೆ. ಎರಡೂ ಬದಿ ಸಮ ಉಳಿದರೆ ಮತ್ತೆ ಸುತ್ತಿ, ಟೇಪಿನ ಹತ್ತಿರ ಇಡಿ.

ಈಗ ಅಂಟು. ಬಾಟಲಿಯ ಮೂತಿಯನ್ನು ಪಟ್ಟಿಗೆ ತಾಗಿಸಿಕೊಂಡು ಸಣ್ಣ ಗೆರೆ ಎಳೆಯುತ್ತ ಹೋಗಿ. ಅಡ್ಡ ಪಟ್ಟಿಗೂ ಬೇಕು, ಉದ್ದ ಪಟ್ಟಿಗೂ ಬೇಕು. ಸುತ್ತಲ ಚೌಕಟ್ಟಿಗೆ ಸ್ವಲ್ಪ ಧಾರಾಳವಾಗಿಯೇ ಹಾಕಿ. ಬ್ರಷ್ ಬಳಸುವವರು ಅಂಟನ್ನು ದೋಸೆ ಹಿಟ್ಟಿನ ಹದಕ್ಕೆ ತೆಳು ಮಾಡಿಕೊಂಡು, ಎಳೆಯದೆ ತಟ್ಟುತ್ತ ಹಚ್ಚಬೇಕು. ಎಳೆದರೆ ಅಂಟು ಪಟ್ಟಿಯ ಪಕ್ಕಕ್ಕೆ ಇಳಿದು ಒಳಗಿನಿಂದ ಕಾಣುತ್ತದೆ. ಟೋಕಿಯೋದ ಚಳಿಗಾಲದಲ್ಲಿ ಗಾಳಿ ತುಂಬಾ ಒಣ. ಶುರು ಮಾಡಿದ ಕಡೆ ಅಂಟು ಒಣಗುವ ಮೊದಲೇ ಕೊನೆ ಮುಟ್ಟಬೇಕು, ಫೋನು ಬಂದರೂ ಏಳಬೇಡಿ.

ಒಬ್ಬರು ಸುರುಳಿ ಬಿಚ್ಚುತ್ತ ಹೋಗಲಿ, ಇನ್ನೊಬ್ಬರು ಒಣ ಬಟ್ಟೆಯಿಂದ ಪಟ್ಟಿಗಳ ಮೇಲೆ ಮೆಲ್ಲಗೆ ಒತ್ತುತ್ತ ಬರಲಿ. ನಾನು ಒಂದು ಸುಕ್ಕೂ ಇರಬಾರದು ಅಂತ ಕಾಗದವನ್ನು ಬಿಗಿಯಾಗಿ ಎಳೆಯುತ್ತಿದ್ದೆ. ನೋಡಲು ಬಂದಿದ್ದ ಕೆಳಮನೆಯ ಅಜ್ಜಿ ಕೈ ಹಿಡಿದು ನಿಲ್ಲಿಸಿದರು. "ಎಳೀಬೇಡಿ, ಸುಮ್ನೆ ಹಾಸಿ. ಉಳಿದದ್ದು ನೀರು ನೋಡಿಕೊಳ್ಳುತ್ತೆ" ಎಂಬ ಅರ್ಥದ ಜಪಾನಿ ಮಾತು. ನನಗೆ ನಂಬಿಕೆ ಬರಲಿಲ್ಲ. ಆದರೂ ಹಿರಿಯರ ಮಾತು ಅಂತ ಬಿಟ್ಟೆ.

ಕತ್ತರಿಸುವುದು

ಚೌಕಟ್ಟಿನ ಒಳಅಂಚಿನಲ್ಲಿ ಪುಟ್ಟ ಮೆಟ್ಟಿಲಿನಂಥ ತಗ್ಗು ಇರುತ್ತದೆ. ಕಾಗದದ ಅಂಚು ಕೂರಬೇಕಾದದ್ದು ಅಲ್ಲಿ. ಸ್ಟೀಲ್ ಸ್ಕೇಲನ್ನು ಆ ತಗ್ಗಿಗೆ ಒತ್ತಿ ಹಿಡಿದು, ಹೆಚ್ಚಾದ ಕಾಗದವನ್ನು ಕಟರ್‌ನಿಂದ ಕೊಯ್ಯಿರಿ. ಕಟರನ್ನು ಚೆನ್ನಾಗಿ ಮಲಗಿಸಿ ಹಿಡಿಯಬೇಕು. ಅಂಟಿನಿಂದ ನೆನೆದ ಕಾಗದ ಮೊಂಡು ಅಲಗಿಗೆ ಕೊಯ್ಯುವುದಿಲ್ಲ, ಪಿಸಿದು ಹರಿಯುತ್ತದೆ. ಹಾಗಾಗಿ ಒಂದೊಂದು ಬದಿಗೂ ಅಲಗಿನ ತುದಿ ಮುರಿದು ಹೊಸದು ಮಾಡಿಕೊಳ್ಳಿ, ಜಿಪುಣತನ ಬೇಡ.

ಅಂದ ಹಾಗೆ, ಹೀಗೆ ಮುರಿಯುವ ಅಲಗಿನ ಕಟರ್ ಹುಟ್ಟಿದ್ದೂ ಜಪಾನಿನಲ್ಲೇ. 1956ರಲ್ಲಿ ಒಸಾಕಾದ ಯೋಶಿಯೋ ಒಕಾಡಾ ಅದನ್ನು ಮಾಡಿದರು. ಗೆರೆ ಹಿಡಿದು ಮುರಿಯುವ ಚಾಕೊಲೇಟ್ ಬಾರಿನಿಂದ ಅವರಿಗೆ ಈ ಉಪಾಯ ಹೊಳೆಯಿತಂತೆ. ಅವರ ಕಂಪನಿ ಓಲ್ಫಾದ ಹೆಸರಿನ ಅರ್ಥವೂ 'ಅಲಗು ಮುರಿ' ಅಂತಲೇ.

ಕೊನೆಗೆ ಮತ್ತೆ ನೀರು

ಇಷ್ಟಾದ ಮೇಲೆ ಬಾಗಿಲು ಎತ್ತಿ ನಿಲ್ಲಿಸಿದರೆ ಬೇಜಾರಾಗುತ್ತದೆ. ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ಸುಕ್ಕು. ಒಗೆದು ಇಸ್ತ್ರಿ ಮಾಡದ ಪಂಚೆಯ ಹಾಗೆ ಇತ್ತು ನಮ್ಮದು. ಕೈ ಹಚ್ಚಬೇಡಿ. ಅಂಟು ಪೂರಾ ಒಣಗಲು ಬಿಡಿ.

ಒಣಗಿದ್ದು ಖಾತ್ರಿಯಾದ ಮೇಲೆ ಸ್ಪ್ರೇ ಬಾಟಲಿಯಿಂದ ಕಾಗದದ ಮೇಲೆ ಮಂಜಿನಂತೆ ನೀರು ಹಾಯಿಸಿ. ಒಂದು ಮೊಳದಷ್ಟು ದೂರದಿಂದ, ಎಲ್ಲ ಕಡೆ ಒಂದೇ ಸಮ. ಹನಿ ಇಳಿಯಬಾರದು. ಮೊದಮೊದಲು ಸುಕ್ಕು ಇನ್ನೂ ಜಾಸ್ತಿಯಾಗುತ್ತದೆ. ಕಾಗದದ ನಾರು ನೀರು ಕುಡಿದು ಹಿಗ್ಗುತ್ತದೆ. ಒಣಗುತ್ತ ಒಣಗುತ್ತ ಕುಗ್ಗುತ್ತದೆ. ಸುತ್ತಲೂ ಪಟ್ಟಿಗೆ ಅಂಟಿರುವುದರಿಂದ ಕುಗ್ಗಿದ ಕಾಗದ ಮೃದಂಗದ ಚರ್ಮದ ಹಾಗೆ ಬಿಗಿಯುತ್ತದೆ. ನೆರಳಲ್ಲಿ ಒಣಗಿಸಿದ ನಮ್ಮ ಬಾಗಿಲನ್ನು ಮರುದಿನ ಬೆಳಿಗ್ಗೆ ಬೆರಳಿಂದ ತಟ್ಟಿದರೆ ಡಬ್ ಅಂದಿತು. ಅಜ್ಜಿ ಯಾಕೆ ಎಳೆಯಬೇಡಿ ಅಂದರು ಅಂತ ಆಗ ಹೊಳೆಯಿತು. ಮೊದಲೇ ಬಿಗಿಯಾಗಿದ್ದರೆ ಈ ಕುಗ್ಗುವಿಕೆಗೆ ಕಾಗದ ಸೀಳುತ್ತದೆ, ಇಲ್ಲವೇ ಚೌಕಟ್ಟನ್ನೇ ಎಳೆದು ಬಾಗಿಸುತ್ತದೆ. ಅಂಟು ಹಸಿಯಿರುವಾಗ ಸ್ಪ್ರೇ ಮಾಡಿದರೆ ಅಂಟೇ ಬಿಟ್ಟುಕೊಳ್ಳುತ್ತದೆ, ಅದೂ ನೆನಪಿರಲಿ.

ವಾಪಸು ಹಾಕುವಾಗ ಮೊದಲು ತಲೆ ಮೇಲಿನ ಜಾಡಿಗೆ, ಆಮೇಲೆ ಬುಡ ಕೆಳಗಿನದಕ್ಕೆ. ಎರಡು ಬಾಗಿಲಿದ್ದರೆ ಕೋಣೆಯೊಳಗೆ ನಿಂತು ನೋಡುವಾಗ ಬಲಗಡೆಯದು ಮುಂದೆ ಇರಬೇಕು, ಇಲ್ಲಿಯ ರೂಢಿ ಅದು. ಸರಿಯುವಾಗ ಕಿರ್ ಅಂದರೆ ಕೆಳಜಾಡಿಗೆ ಮೇಣದ ಬತ್ತಿ ಉಜ್ಜಿ.

ಉಳಿದ ಕಾಗದವನ್ನು ಎಸೆಯಬೇಡಿ. ಸಣ್ಣ ತೂತಿಗೆ ಅದರಲ್ಲೇ ಚೆರ್ರಿ ಹೂವಿನ ಆಕಾರವೋ ಮೇಪಲ್ ಎಲೆಯ ಆಕಾರವೋ ಕತ್ತರಿಸಿ ಗಂಜಿ ಹಚ್ಚಿ ಅಂಟಿಸುತ್ತಾರೆ. ಬೆಳಕು ಬಿದ್ದಾಗ ತೇಪೆಯಂತೆ ಕಾಣುವುದಿಲ್ಲ, ಚಿತ್ತಾರದಂತೆ ಕಾಣುತ್ತದೆ. ನಮ್ಮ ಹೊಸ ಶೋಜಿಯ ಕೆಳಸಾಲಿನಲ್ಲಿ ಜನವರಿ ಮೊದಲ ವಾರಕ್ಕೇ ಎರಡು ಹೂವು ಅರಳಿವೆ.