ಫಿಸ್ಟುಲಾ ಸೊರಗಿದರೆ ನಾನು ಅಪಧಮನಿಯಿಂದ ಶುರು ಮಾಡುತ್ತೇನೆ

ಡಯಾಲಿಸಿಸ್‌ಗಾಗಿ ತೋಳಿನ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡುವ ಫಿಸ್ಟುಲಾದಲ್ಲಿ ತೊಂದರೆ ಎಂದ ಕೂಡಲೇ ಎಲ್ಲರ ಗಮನ ಅಭಿಧಮನಿಯ ಕಡೆ ಹೋಗುತ್ತದೆ. ಅದು ಸಹಜ, ನಾಳ ಕಿರಿದಾಗುವುದು ಹೆಚ್ಚಾಗಿ ಅಲ್ಲೇ. ಆದರೆ ರಕ್ತ ತಂದು ಕೊಡುವ ಅಪಧಮನಿಯೇ ಕೆಟ್ಟಿದ್ದರೆ ಅಭಿಧಮನಿಯನ್ನು ಎಷ್ಟು ಹಿಗ್ಗಿಸಿದರೂ ಫಲವಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯವರ ಮಣಿಕಟ್ಟಿನ ಅಪಧಮನಿಯಲ್ಲಿ ಸುಣ್ಣ ಕಟ್ಟಿ, ಬೆರಳಿಗೆ ಗಟ್ಟಿ ಕೊಳವೆ ತಗಲಿದ ಹಾಗಿರುತ್ತದೆ. ಅಂಥ ನಾಳ ಸರಿಯಾಗಿ ಹಿಗ್ಗುವುದಿಲ್ಲ, ಫಿಸ್ಟುಲಾವೂ ಸೂಜಿ ಚುಚ್ಚುವಷ್ಟು ಬಲಿಯುವುದಿಲ್ಲ.

ಮೊದಲ ಸುಳಿವು ಯಂತ್ರದಿಂದ ಬರುತ್ತದೆ. ಪಂಪಿನ ವೇಗ ಏರಿಸಿದಂತೆ ಆರ್ಟೀರಿಯಲ್ ಪ್ರೆಷರ್, ಅಂದರೆ ಪಂಪು ಫಿಸ್ಟುಲಾದಿಂದ ರಕ್ತ ಎಳೆಯುವ ಒತ್ತಡ, ಮೈನಸ್ 250 ಮಿ.ಮೀ. ಪಾದರಸಕ್ಕಿಂತ ಕೆಳಗೆ ಹೋಗಿ ಅಲಾರಂ ಕೂಗುತ್ತದೆ. ಸೂಜಿ ಸರಿಯಾಗಿ ಕೂತಿದ್ದರೆ, ಜೋಡಣೆಯಿಂದ ಸ್ವಲ್ಪ ಮೇಲೆ ಫಿಸ್ಟುಲಾವನ್ನು ಒತ್ತಿ ಹಿಡಿಯುತ್ತೇನೆ. ಕೆಳಗಿನ ಭಾಗದಲ್ಲಿ ನಾಡಿ ಜೋರಾಗಿ ಬಡಿಯಬೇಕು. ಪೇಲವವಾಗಿಯೇ ಉಳಿದರೆ ಒಳಹರಿವಿನಲ್ಲಿ ಅಡ್ಡಿಯಿದೆ ಎಂದು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ಗೆ ಕಳಿಸುತ್ತೇನೆ.

ನನಗೆ ಹೆಚ್ಚು ಚಿಂತೆ ತರುವುದು ತಣ್ಣಗಾದ ಕೈ. ಡಯಾಲಿಸಿಸ್ ನಡೆಯುವಾಗ ಬೆರಳು ನೋಯುತ್ತದೆ, ಬಿಳಿಚಿಕೊಳ್ಳುತ್ತದೆ, ತುದಿಯಲ್ಲಿ ಹುಣ್ಣಾಗುತ್ತದೆ. ಫಿಸ್ಟುಲಾ ಕೈಯ ರಕ್ತವನ್ನೆಲ್ಲ ಎಳೆದುಕೊಳ್ಳುತ್ತಿದೆ, ಅದನ್ನು ಕಟ್ಟಿ ಕಿರಿದು ಮಾಡಿ ಎಂಬ ಸಲಹೆ ಆಗ ಬೇಗ ಬರುತ್ತದೆ. ಹರಿವು ನಿಜಕ್ಕೂ ವಿಪರೀತವಾಗಿದ್ದರೆ ಅದು ಸರಿ. ಹರಿವು ಕಡಿಮೆಯಿದ್ದೂ ಕೈ ತಣ್ಣಗಿದ್ದರೆ ಭುಜದ ಕಡೆಯ ಅಪಧಮನಿ ಕಿರಿದಾಗಿರಬಹುದು. ಅಂಥವರಲ್ಲಿ ಫಿಸ್ಟುಲಾವನ್ನು ಕಟ್ಟಿ ಕಿರಿದು ಮಾಡಿದರೆ ಅದೇ ಹೆಪ್ಪುಗಟ್ಟಿ ಹೋದೀತು. ಆದ್ದರಿಂದ ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನಿಂದಲೇ ಆಂಜಿಯೋಗ್ರಾಂ ಮಾಡಿಸಿ ಎಂದು ಪಟ್ಟು ಹಿಡಿಯುತ್ತೇನೆ. ಕಿರಿದಾದ ಜಾಗ ಸಿಕ್ಕಿ, ಬಲೂನಿನಿಂದ ಹಿಗ್ಗಿಸಿದ ಮೇಲೆ ಕೈಯೂ ಬೆಚ್ಚಗಾಗಿ ಪಂಪಿಗೂ ರಕ್ತ ಸಾಕಷ್ಟು ಸಿಕ್ಕಿದ್ದನ್ನು ನೋಡಿದ್ದೇನೆ.

ಎಡ ಎದೆಗೂಡಿನ ಒಳ ಅಪಧಮನಿಯನ್ನು ಬಳಸಿ ಹೃದಯದ ಬೈಪಾಸ್ ಆದವರ ವಿಷಯ ಇನ್ನೂ ಸೂಕ್ಷ್ಮ. ಅದೂ ಎಡಗೈಯ ಅಪಧಮನಿಯ ಕವಲೇ. ಆ ಕೈಯಲ್ಲಿ ಫಿಸ್ಟುಲಾ ಮಾಡಿದರೆ ಹೃದಯದ ಪಾಲಿನ ರಕ್ತ ಅತ್ತ ಹರಿದು, ಡಯಾಲಿಸಿಸ್ ವೇಳೆ ಎದೆನೋವು ಬರಬಹುದು. ಅವರಿಗೆ ಬಲಗೈಯನ್ನೇ ಮೊದಲು ಪರಿಶೀಲಿಸುತ್ತೇನೆ.

ಈಗ ಶಸ್ತ್ರಚಿಕಿತ್ಸೆಗೆ ಮೊದಲೇ ಎರಡೂ ತೋಳಿನ ರಕ್ತದೊತ್ತಡ ಬರೆದಿಡಿಸುತ್ತೇನೆ, ಏಕೆಂದರೆ ಫಿಸ್ಟುಲಾ ಆದ ಮೇಲೆ ಆ ತೋಳಿನ ಒತ್ತಡ ತಾನಾಗಿಯೇ ಇಳಿಯಬಹುದು, ಹೋಲಿಕೆ ಕಷ್ಟ. ಎರಡು ತೋಳುಗಳ ಒತ್ತಡದಲ್ಲಿ 20 ಮಿ.ಮೀ. ಪಾದರಸಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಮುಂದುವರಿಯುವುದಿಲ್ಲ, ಮೊದಲು ಕಾರಣ ಹುಡುಕುತ್ತೇವೆ. ಮಣಿಕಟ್ಟಿನ ಅಪಧಮನಿ 2 ಮಿ.ಮೀ.ಗಿಂತ ಸಣ್ಣದಿದ್ದರೆ ಅಲ್ಲಿ ಫಿಸ್ಟುಲಾ ಬೇಡ ಎನ್ನುತ್ತೇನೆ. ಮೊಣಕೈ ಬಳಿ ಮಾಡಿದರೆ ಬಲಿಯುವ ಸಾಧ್ಯತೆ ಹೆಚ್ಚು, ಕೈ ತಣ್ಣಗಾಗುವ ಅಪಾಯವೂ ಹೆಚ್ಚು. ಎರಡೂ ತೋಳು ಕೆಟ್ಟಿದ್ದರೆ ಫಿಸ್ಟುಲಾ ಬೇಡದ ಹೊಟ್ಟೆಯ ಡಯಾಲಿಸಿಸ್ ಬಗ್ಗೆ ರೋಗಿ ಮತ್ತು ಮನೆಯವರ ಜೊತೆ ಅಂದೇ ಕೂತು ಮಾತಾಡುತ್ತೇನೆ.