ದರ್ಗಾ ಜೈಲಿನಲ್ಲಿ ನಾನು ನಡೆಸಿದ ಒಂದು ಗುರುತಿನ ಪರೇಡ್

ತಹಶೀಲ್ದಾರ್ ಎಂದರೆ ಪಹಣಿ, ಬೆಳೆ ಪರಿಹಾರ, ಚುನಾವಣೆ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ಅದೇ ಕುರ್ಚಿಯಲ್ಲಿ ಕುಳಿತವನು ತಾಲ್ಲೂಕು ದಂಡಾಧಿಕಾರಿಯೂ ಹೌದು. ಸುಲಿಗೆ, ದರೋಡೆ ಪ್ರಕರಣಗಳಲ್ಲಿ ಸಾಕ್ಷಿಗಳು ಆರೋಪಿಗಳನ್ನು ಗುರುತಿಸುವ ಪರೇಡ್ ನಡೆಸುವ ಹೊಣೆ ಹಲವು ಸಲ ಅವನ ಪಾಲಿಗೆ ಬರುತ್ತದೆ. ವಿಜಯಪುರ ಜಿಲ್ಲೆಯಲ್ಲಿದ್ದಾಗ ನಡೆಸಿದ ಅಂಥ ಒಂದು ಪರೇಡ್ ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ.

ಘಟನೆ ತಿಕೋಟಾ ಕಡೆಯ ಒಂದು ತೋಟದ ವಸ್ತಿಯದು. ಒಣದ್ರಾಕ್ಷಿ ಮಾರಿದ ಹಣ ಮನೆಗೆ ಬಂದಿದ್ದ ವಾರ. ರಾತ್ರಿ ನಾಲ್ವರು ಒಳಗೆ ನುಗ್ಗಿದರು, ಐದನೆಯವನು ಹೊರಗೆ ಬೈಕುಗಳ ಬಳಿ ನಿಂತಿದ್ದ. ಆ ಐದನೆಯವನ ಲೆಕ್ಕ ಸಣ್ಣದಲ್ಲ. ನಾಲ್ವರಿದ್ದರೆ ಕಾನೂನಿನಲ್ಲಿ ಅದು ಸುಲಿಗೆ, ಐವರಾದರೆ ದರೋಡೆ. ಒಬ್ಬನ ಕೈಯಲ್ಲಿ ನಾಡಪಿಸ್ತೂಲು, ಉಳಿದವರ ಬಳಿ ತಲವಾರು, ಎಲ್ಲರ ಮುಖಕ್ಕೂ ಟವೆಲ್. ಪಿಸ್ತೂಲಿನವನ ಟವೆಲ್ ಎಳೆದಾಟದಲ್ಲಿ ಬಿಚ್ಚಿಕೊಂಡಿತು. ಇನ್ನೊಬ್ಬನು ಪಡಸಾಲೆಯ ಹರವಿಯಿಂದ ನೀರು ಕುಡಿಯಲು ತಾನೇ ಅದನ್ನು ಕೆಳಗೆ ಸರಿಸಿದ. ಹೀಗೆ ಮುಖ ಕಂಡದ್ದು ಇಬ್ಬರದು ಮಾತ್ರ, ಅದೂ ಕೆಲವು ಕ್ಷಣ.

ನ್ಯಾಯಾಲಯದ ಆದೇಶದೊಂದಿಗೆ ಪೊಲೀಸರ ಕೋರಿಕೆ ಬಂದಾಗ ಬಂಧಿತನನ್ನು ಸಾಕ್ಷಿಗಳಿಂದ ಗುರುತಿಸಲು ಆದೇಶಿಸುವ ದಂಡ ಪ್ರಕ್ರಿಯಾ ಸಂಹಿತೆಯ 54ಎ ಕಲಂ ಜಾರಿಯಲ್ಲಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಂ ಬಂದಿದೆ. ಕೆಲಸದ ರೀತಿ ಬದಲಾಗಿಲ್ಲ.

ವಿಜಯಪುರದ ಕೇಂದ್ರ ಕಾರಾಗೃಹಕ್ಕೆ, ಅಂದರೆ ದರ್ಗಾ ಜೈಲಿಗೆ, ಬೆಳಿಗ್ಗೆಯೇ ಹೋದೆ. ವಿಚಾರಣಾಧೀನ ಕೈದಿಗಳಲ್ಲಿ ವಯಸ್ಸು, ಎತ್ತರ, ಮೈಬಣ್ಣ ಹೊಂದುವವರನ್ನು ನಾನೇ ಆರಿಸಿದೆ. ಒಬ್ಬ ಆರೋಪಿಗೆ ಹತ್ತು ಜನರಂತೆ ಎರಡು ಸಾಲು. ಪ್ರತಿಯೊಬ್ಬನ ಎತ್ತರವನ್ನು ಅಳೆದು ಬರೆದುಕೊಂಡೆ. ಪಿಸ್ತೂಲಿನವನು ಎಂದು ಹಿಡಿದು ತಂದಿದ್ದವನ ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು. ಆ ಸಾಲಿನ ಹನ್ನೊಂದು ಜನರಿಗೂ ಅದೇ ಜಾಗದಲ್ಲಿ ಪಟ್ಟಿ ಅಂಟಿಸಿದೆ. ಇಲ್ಲದಿದ್ದರೆ ಸಾಕ್ಷಿ ಗುರುತಿಸುವುದು ಮನುಷ್ಯನನ್ನಲ್ಲ, ಗಾಯವನ್ನು. ನಿಲ್ಲುವ ಜಾಗವನ್ನು ಆರೋಪಿಗಳೇ ಆರಿಸಿಕೊಂಡರು. ಒಬ್ಬ ಸಾಕ್ಷಿ ಹೋದ ಮೇಲೆ ಜಾಗ, ಅಂಗಿ ಎರಡನ್ನೂ ಬದಲಿಸಲು ಅವಕಾಶ ಕೊಟ್ಟೆ. ತನಿಖಾಧಿಕಾರಿಯನ್ನೂ ಪೇದೆಗಳನ್ನೂ ಗೇಟಿನ ಹೊರಗೆ ಕಳುಹಿಸಿದೆ. ಒಳಗೆ ಉಳಿದವರು ನಾನು, ಇಬ್ಬರು ಪಂಚರು. ಗುರುತಿಸಿ ಮುಗಿಸಿದವರು ಕಾಯುತ್ತಿರುವವರನ್ನು ಭೇಟಿಯಾಗದಂತೆ ಎರಡು ಕೋಣೆ ಮಾಡಿ, ಒಂದೊಂದಕ್ಕೂ ಒಬ್ಬ ಗ್ರಾಮ ಲೆಕ್ಕಾಧಿಕಾರಿಯನ್ನು ಕೂರಿಸಿದೆ.

ತೋಟದ ಆಳು ಹುಡುಗ ಎರಡೂ ಸಾಲುಗಳನ್ನು ನೋಡಿ ಯಾರೂ ಅಲ್ಲ ಎಂದ. ರೈತ ಬಂದರು. ಅವರ ಎದೆಗೇ ಪಿಸ್ತೂಲು ಒತ್ತಿದ್ದರು, ಎಲ್ಲರಿಗಿಂತ ಹತ್ತಿರದಿಂದ ನೋಡಿದವರು ಅವರೇ. ಪೊಲೀಸರ ಭರವಸೆಯೂ ಅವರ ಮೇಲೆಯೇ ಇತ್ತು. ಅವರು ಹೆಗಲು ಮುಟ್ಟಿದ್ದು ಬೇರೆ ಯಾವುದೋ ಪ್ರಕರಣದಲ್ಲಿ ಒಳಗಿದ್ದ ಕೈದಿಯದು. ಆಗ ಆ ಕೈದಿಯ ಮುಖ ಬಿಳಿಚಿಕೊಂಡದ್ದನ್ನು ನಾನು ಮರೆತಿಲ್ಲ. ಪಿಸ್ತೂಲು ಎದುರಿಗಿದ್ದಾಗ ಕಣ್ಣು ಅದರ ಬಾಯಿಯ ಮೇಲೆಯೇ ನಿಲ್ಲುತ್ತದೆ, ಹಿಂದಿನ ಮುಖ ಮಸುಕಾಗುತ್ತದೆ. ಇದನ್ನು ಇತರ ಪ್ರಕರಣಗಳಲ್ಲೂ ಕಂಡಿದ್ದೇನೆ. ಹತ್ತಿರ ಇದ್ದವರಿಗೆ ಹೆಚ್ಚು ಕಂಡಿರುತ್ತದೆ ಎಂಬ ನಂಬಿಕೆಯನ್ನು ನಾನು ಅಂದೇ ಬಿಟ್ಟೆ.

ಅವರ ಹೆಂಡತಿ ಸಾಲಿನ ಅರ್ಧಕ್ಕೂ ಹೋಗಲಿಲ್ಲ. ಸರಸರನೆ ನಡೆದು ಹುಬ್ಬಿಗೆ ಗಾಯವಿದ್ದವನನ್ನೇ ತೋರಿಸಿದರು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವರಿಗೂ ಕೇಳಿದೆ: “ಘಟನೆಯಾದ ಮೇಲೆ ಇವನನ್ನು ಅಥವಾ ಇವನ ಫೋಟೋವನ್ನು ಎಲ್ಲಿಯಾದರೂ ನೋಡಿದ್ದೀರಾ, ತಾಯಿ?” ಅವರು ಮುಚ್ಚಿಡಲಿಲ್ಲ. “ಮೈದುನನ ಮೊಬೈಲ್‌ನಲ್ಲಿ ನೋಡಿದ್ದೇನೆ ಸಾಹೇಬರೇ. ಆದರೆ ಅಂದು ರಾತ್ರಿಯೂ ಇವನೇ ಇದ್ದ.” ಎರಡೂ ಮಾತನ್ನು ಅವರು ಹೇಳಿದಂತೆಯೇ ಬರೆದೆ. ಮೊದಲ ಮಾತನ್ನು ಬಿಟ್ಟಿದ್ದರೆ ಪ್ರಕರಣ ಗಟ್ಟಿಯಾಗುತ್ತಿತ್ತು. ಹಾಗೆ ಬಿಡುವ ಅಧಿಕಾರ ನನಗಿರಲಿಲ್ಲ.

ಕೊನೆಗೆ ರೈತನ ತಾಯಿ. ಎಪ್ಪತ್ತು ದಾಟಿದ ಮುದುಕಿ, ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದರು. “ಮುಟ್ಟಲೇಬೇಕೇ?” ಎಂದು ಕೇಳಿದರು. “ಬೇಡ ಅವ್ವಾ, ಬೆರಳು ತೋರಿಸಿದರೂ ಸಾಕು. ಇದ್ದರೆ ತೋರಿಸು, ಇಲ್ಲದಿದ್ದರೆ ಇಲ್ಲ ಎನ್ನು” ಎಂದೆ. ಪಿಸ್ತೂಲಿನವನಿದ್ದ ಸಾಲಿನಲ್ಲಿ ಅವರು ಯಾರನ್ನೂ ತೋರಿಸಲಿಲ್ಲ. ಇನ್ನೊಂದು ಸಾಲಿನ ಮುಂದೆ ಎರಡು ಸಲ ನಡೆದು, ಏಳನೆಯವನ ಎದುರು ನಿಂತರು. “ನನ್ನ ಹರವಿಯ ನೀರು ಕುಡಿದವನು ಇವನು.” ಪಡಸಾಲೆಯ ದೀಪದ ಕೆಳಗೆ, ಗೋಡೆಗೊರಗಿ ಕುಳಿತು, ಆಯುಧದ ಬೆದರಿಕೆಯಿಲ್ಲದೆ ಅವನನ್ನು ನೋಡಿದವರು ಅವರೊಬ್ಬರೇ.

ವಶಪಡಿಸಿಕೊಂಡ ಬೋರಮಾಳವನ್ನು ಅದೇ ಬಗೆಯ ಐದು ಸರಗಳ ನಡುವೆ ಇಟ್ಟಾಗಲೂ ಅವರು ತಡವರಿಸಲಿಲ್ಲ. ಮೊಮ್ಮಗ ಕಚ್ಚಿ ತಗ್ಗು ಬಿದ್ದ ಒಂದು ಗುಂಡನ್ನು ಉಗುರಿನಿಂದ ಹುಡುಕಿ ತೋರಿಸಿದರು.

ಪರೇಡಿನಲ್ಲಿ ಗುರುತಿಸಿದ್ದೇ ಮೂಲ ಸಾಕ್ಷ್ಯವಾಗುವುದಿಲ್ಲ, ನ್ಯಾಯಾಲಯದ ಕಟಕಟೆಯಲ್ಲಿ ಮತ್ತೆ ಗುರುತಿಸಬೇಕು. ವಿಚಾರಣೆಗೆ ವರ್ಷಗಳೇ ಹಿಡಿದವು. ಆರೋಪಿಗಳ ವಕೀಲರು ಸಾಲಿನವರ ಎತ್ತರ, ಪಟ್ಟಿಯ ಅಳತೆ, ಕೋಣೆಗಳ ಬಾಗಿಲು ಯಾವ ಕಡೆಗಿತ್ತು ಎಂದು ನನ್ನನ್ನು ಬಹಳ ಹೊತ್ತು ಕೇಳಿದರು. ಬರೆದಿಟ್ಟುಕೊಂಡಿದ್ದರಿಂದ ಉತ್ತರಿಸಿದೆ. ಮುದುಕಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ದಪ್ಪ ಕನ್ನಡಕದಲ್ಲಿ ಬಂದು ಅದೇ ಮನುಷ್ಯನನ್ನು ತೋರಿಸಿದರು. ಅವನಿಗೆ ಶಿಕ್ಷೆಯಾಯಿತು. ಹುಬ್ಬಿನ ಗಾಯದವನಿಗೆ ಸಂಶಯದ ಲಾಭ ಸಿಕ್ಕಿ ಬಿಡುಗಡೆಯಾಯಿತು.

ಅಂದು ನ್ಯಾಯಾಲಯದ ಮೊಗಸಾಲೆಯಲ್ಲಿ ಸೊಸೆ ನನ್ನನ್ನು ತಡೆದು ನಿಲ್ಲಿಸಿದರು. “ಫೋಟೋ ನೋಡಿದ್ದೆ ಎಂದು ನಿಜ ಹೇಳಿದೆ. ಅದಕ್ಕೇ ಅವನು ಹೊರಗೆ ಬಂದನೇ ಸಾಹೇಬರೇ?” ಹೌದು ಎನ್ನಬೇಕಾಯಿತು. ತಪ್ಪು ಅವರದಾಗಿರಲಿಲ್ಲ. ಮುಸುಕು ಹಾಕದೆ ಆ ಫೋಟೋ ತೆಗೆದವರದು, ಅದನ್ನು ಮೊಬೈಲ್‌ನಿಂದ ಮೊಬೈಲ್‌ಗೆ ಕಳುಹಿಸಿದವರದು. ಅದನ್ನೂ ಅವರಿಗೆ ಹೇಳಿದೆ. ಅವರು ತಲೆಯಾಡಿಸಿ, ಅತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದರು.

ಆನಂತರ ಪರೇಡಿಗೆ ಯಾವ ಕೋರಿಕೆ ಬಂದರೂ ದಿನಾಂಕ ಗೊತ್ತುಮಾಡುವ ಮೊದಲೇ ತನಿಖಾಧಿಕಾರಿಗೆ ಫೋನ್ ಮಾಡುತ್ತಿದ್ದೆ: “ಆರೋಪಿಯ ಮುಖ ಮುಚ್ಚಿಯೇ ಕರೆತಂದಿದ್ದೀರಾ? ಫೋಟೋ ಎಲ್ಲಿಯಾದರೂ ಹರಿದಾಡಿದೆಯೇ?”